ಹರ್ನಿಯಾಕ್ಕೆ ನನ್ನ ವಿವರಣೆ

ಕಾಡುಗೋಡಿ, ಜುಲೈ ೮, ಮಂಗಳವಾರ

ಆಸ್ಪತ್ರೆಯ ಆ್ಯಪಿಗೆ ನಾನು ಬರೆದ ಹರ್ನಿಯಾದ ವಿವರಣೆಯನ್ನು ಮ್ಯಾನೇಜರ್ ಮಲ್ಲಿಕ್ ಇವತ್ತು ಅಳಿಸಿದ. ಟಯರು ಸೀಳಿದ ಕಡೆ ಟ್ಯೂಬು ಉಬ್ಬುವ ಹಾಗೆ, ಹೊಟ್ಟೆಯ ಗೋಡೆ ಸಡಿಲಾದ ಕಡೆ ಕರುಳು ಉಬ್ಬಿ ಬರುವುದು ಎಂದು ಬರೆದಿದ್ದೆ. ‘ಇದೇನ್ ಪಂಚರ್ ಅಂಗಡೀನಾ ಶೈಲಜಾ?’ ಎಂದು ನಕ್ಕು, ‘ಉದರಭಿತ್ತಿಯ ದೌರ್ಬಲ್ಯದಿಂದ ಅಂತರಾಂಗಗಳ ಬಹಿಃಸರಣ’ ಎಂದು ತುಂಬಿದ.

ಸಿಟ್ಟು ತಡೆಯದೆ ಸಂಜೆ ಮನೆ ಓನರ್ ಗೋಪಾಲಪ್ಪನವರಿಗೆ ಎರಡನ್ನೂ ಓದಿ ಹೇಳಿದೆ. ಮಲ್ಲಿಕ್ ಬರೆದದ್ದಕ್ಕೆ ಸುಮ್ಮನೆ ತಲೆಯಾಡಿಸಿದರು. ನನ್ನದನ್ನು ಕೇಳುತ್ತಿದ್ದಂತೆ ಕೈ ತಾನಾಗಿ ಪಂಚೆಯ ಗಂಟಿನ ಕೆಳಗೆ ಹೋಯಿತು.

‘ನಂಗೂ ಇಂಗೇ ಐತೆ ಕಣವ್ವ, ತೊಡೆ ಸಂದೀಲಿ. ಮೂರ್ ವರ್ಸಾಯ್ತು. ಕ್ಯಾನ್ಸರ್ ಅನ್ಕಂಡು ಮನೇಲೂ ಯೋಳಿಲ್ಲ.’

ನಾಳೆ ಹತ್ತಕ್ಕೆ ಅವರನ್ನು ಸರ್ಜನ್ ಹತ್ತಿರ ಕರೆದೊಯ್ಯುತ್ತೇನೆ. ಅದಕ್ಕೂ ಮೊದಲು ನನ್ನ ಟಯರು, ಟ್ಯೂಬು ಎರಡನ್ನೂ ಆ್ಯಪಿಗೆ ವಾಪಸ್ ಹಾಕುತ್ತೇನೆ. ಮತ್ತೆ ಅಳಿಸುವುದಾದರೆ ಮಲ್ಲಿಕ್ ಇಲ್ಲಿಗೆ ಬರಲಿ, ಗೋಪಾಲಪ್ಪನವರ ಎದುರು ಕೂತು ತನ್ನದನ್ನು ಓದಿ ಹೇಳಲಿ.