ಏಳನೇ ಸಾಲಿನ ಹೆಸರು

ವಿಮಾನ ನಗರ, ಪುಣೆ
೯ ಫೆಬ್ರುವರಿ ೨೦೨೫

ನನ್ನ ಬಂಗಾರದಂಥ ತ್ರಿವೇಣಿಗೆ,

ಅವ್ವನ ಆಶೀರ್ವಾದ. ಭೋಪಾಲದಲ್ಲಿ ಚಳಿ ಇಳಿಯಿತೇ? ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಮಾಡಿ ನಿನ್ನ ಮೊಣಕಾಲು ನೋಯುತ್ತದೆ ಎಂದು ಅಳಿಯಂದಿರು ಹೇಳಿದರು. ಎಣ್ಣೆ ಹಚ್ಚಿಕೋ, ಮೈಗಳ್ಳತನ ಮಾಡಬೇಡ. ನಾನು ಆರಾಮಾಗಿದ್ದೇನೆ. ನಿನ್ನ ತಮ್ಮ ಬಸವಪ್ರಭು ಮುಂಜಾನೆಯೇ ಮಾರ್ಕೆಟ್ ಯಾರ್ಡಿನ ಅಂಗಡಿಗೆ ಹೋಗುತ್ತಾನೆ. ಆಮೇಲೆ ನಾನು, ಬಾಲ್ಕನಿಯ ಬಿಸಿಲು, ತಲೆಯ ಮೇಲೆ ಹಾರುವ ವಿಮಾನಗಳು. ಕಣ್ಣು ಮುಚ್ಚಿದರೆ ಸಾಕು, ಎಲ್ಲಿಗೋ ಹೋಗಿಬಿಡುತ್ತೇನೆ.

ಹೋದ ಮಂಗಳವಾರ ಹಾಗೆ ಕುಳಿತಿದ್ದಾಗ ಮೂರನೇ ಮಹಡಿಯ ಹರ್ಷಿತಾ ಬಂದಳು. ಮೈಸೂರು ಕಡೆಯ ಹುಡುಗಿ, ಮಧ್ಯಯುಗದ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಾಳೆ. ನಮ್ಮ ಬಾಗಿಲ ಮೇಲಿನ ಮನೆತನದ ಹೆಸರು ನೋಡಿ ಅನುಮಾನ ಬಂದಿತ್ತಂತೆ. ಲ್ಯಾಪ್‌ಟಾಪನ್ನು ನನ್ನ ಮಡಿಲಲ್ಲಿಟ್ಟು, "ಅಜ್ಜಿ, ಈ ಗೌರಾಬಾಯಿ ನೀವೇನಾ?" ಎಂದಳು. ನೋಡಿದರೆ ೧೯೯೯ರಲ್ಲಿ ನೀನು ಇಂಟರ್ನೆಟ್ಟಿನಲ್ಲಿ ಹಾಕಿದ ಶಾಸನಗಳ ಪುಟ! ಅದೇ ಬೂದು ಬಣ್ಣ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅದೇ ಕನ್ನಡ. ಕೆಳಗೆ ಮನೆತನದ ಹೆಸರಿನೊಡನೆ ನಿನ್ನ ಹೆಸರು, ಅದರ ಪಕ್ಕದಲ್ಲಿ, "ಓದಿ ಹೇಳಿದವರು: ನಮ್ಮ ಅವ್ವ ಗೌರಾಬಾಯಿ." ಎದೆ ತುಂಬಿ ಬಂತು ಮಗಳೇ. ಭಾನುವಾರದ ಆ ಸೈಬರ್ ಕೆಫೆ ಕಣ್ಣ ಮುಂದೆ ತೇಲಿತು. ಕಲ್ಲಿನ ಸಾಲುಗಳನ್ನು ನೀನು ಬರೆದಿಟ್ಟುಕೊಂಡಿದ್ದ ವಹಿ ನೋಡಿ ನಾನು ಓದುತ್ತಿದ್ದೆ, ನೀನು ಟೈಪ್ ಮಾಡುತ್ತಿದ್ದೆ. ಒಂದು ಪುಟ ಮೇಲಿಂದ ಕೆಳಗಿಳಿಯುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಒಮ್ಮೆ ನೀನು ಕುರ್ಚಿಯಿಂದ ಜಿಗಿದು, "ಅವ್ವಾ, ಪೋಲೆಂಡಿನವರು ನಮ್ಮ ಭೀಮಾ ದಂಡಿ ಕಲ್ಲು ಓದ್ಯಾರ!" ಎಂದು ಕೂಗಿದ್ದೆ. ಅಷ್ಟು ದೂರದವರ ಕಣ್ಣು ನಮ್ಮ ಹೊಳೆಯ ಮೇಲೆ ಬಿದ್ದದ್ದು ನೆನೆದು ವಾರವಿಡೀ ನನ್ನ ಕಾಲು ನೆಲಕ್ಕೆ ತಾಗಿರಲಿಲ್ಲ.

ಆ ಕಾಲದಲ್ಲಿ ಇಂಥ ಪುಟಗಳು ಬೆರಳೆಣಿಕೆಯಷ್ಟೇ ಇದ್ದವಂತೆ. ವಿದ್ವಾಂಸರು ಒಂದರಿಂದ ಇನ್ನೊಂದಕ್ಕೆ ದಾರಿ ಕೇಳುತ್ತ ಹೋಗುತ್ತಿದ್ದರಂತೆ. ಈಗ ನಿನ್ನ ಪುಟಕ್ಕೆ ಇಂಟರ್ನೆಟ್ಟಿನಲ್ಲಿ ಜಾಗ ಕೊಟ್ಟ ಕಂಪನಿಯವರು ತಿಂಗಳ ಕೊನೆಗೆ ಹಳೆಯ ಪುಟಗಳನ್ನೆಲ್ಲ ಅಳಿಸಲಿದ್ದಾರೆ. ಹರ್ಷಿತಾ ನಕಲು ಇಟ್ಟುಕೊಂಡಿದ್ದಾಳೆ. ಹೊಸ ಜಾಗದಲ್ಲಿ ಹಾಕಲು ನಿನ್ನ ಒಪ್ಪಿಗೆ ಬೇಕು.

ಇನ್ನೊಂದು ಮಾತು. ಆ ಭೀಮಾ ದಂಡೆಯ ಕಲ್ಲನ್ನು ಗುಡಿಯ ಕಟ್ಟೆ ಕಟ್ಟುವಾಗ ಬೋರಲು ಹಾಕಿ ಸಿಮೆಂಟು ಬಳಿದಿದ್ದಾರೆ. ಶಾಸನಗಳ ಅಚ್ಚಾದ ಪುಸ್ತಕದಲ್ಲಿ ಏಳನೇ ಸಾಲಿನ ಹೆಸರಿನ ಜಾಗದಲ್ಲಿ ಬರೀ ಚುಕ್ಕೆಗಳಿವೆ. ಕೆರೆ ಕಟ್ಟಿಸಿದವಳು 'ಮಾಳಿಯಕ್ಕ' ಎಂದಿರುವುದು ನಿನ್ನ ಪುಟದಲ್ಲಿ ಮಾತ್ರ. "ಒಬ್ಬ ಹೆಂಗಸು ಕೆರೆ ಕಟ್ಟಿಸಿದ್ಲು ಅನ್ನೋದಕ್ಕೆ ಇದೊಂದೇ ಸಾಕ್ಷಿ ಅಜ್ಜಿ, ನೀವು ಸರಿಯಾಗಿ ನೋಡಿದ್ರಿ ತಾನೇ?" ಎಂದು ಕೇಳಿದಳು. ನಾನು ಹೂಂ ಎಂದುಬಿಟ್ಟೆ. ಪೆಟ್ಟಿಗೆಯಿಂದ ನಿನ್ನ ವಹಿ ತೆಗೆದು ಅವಳ ಕೈಗಿಟ್ಟೆ. ಅಂದಿನಿಂದ ಅನ್ನ ರುಚಿಸಿಲ್ಲ. ಆಗ ನಿನ್ನ ಪಿಎಚ್.ಡಿ. ಗೈಡು, ಅಡುಗೆಮನೆಯವರ ಓದು ಸಾಕ್ಷಿಯಲ್ಲ, ಆ ಹೆಸರು ತೆಗೆ ಎಂದಾಗ ನೀನು, "ನಮ್ಮವ್ವ ಓದ್ಯಾಳಂದ್ರ ಓದ್ಯಾಳ್ರೀ" ಎಂದು ಎದ್ದು ಬಂದವಳು. ನಿನ್ನ ಸಂಶೋಧನೆ ಅಲ್ಲಿಗೇ ನಿಂತಿತು.

ಅಳಿಯಂದಿರಿಗೆ ನಮಸ್ಕಾರ ಹೇಳು. ನೀನು ತಣ್ಣಗಿರು.

ನಿನ್ನ ಅವ್ವ,
ಗೌರಾಬಾಯಿ

ತಾ.ಕ.: ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ಅಂದು ಕಲ್ಲಿನ ಮುಂದೆ ಕುಳಿತು ಓದುವಾಗ ಆ 'ಳಿ' ನನಗೆ ಕಂಡಿರಲೇ ಇಲ್ಲ. ಅಕ್ಷರ ಎದ್ದು ಕಾಣಲೆಂದು ಹಿಟ್ಟು ಸವರಿದರೂ ಕಾಣಲಿಲ್ಲ, ಅಲ್ಲಿ ಕಲ್ಲು ಚಕ್ಕೆ ಎದ್ದಿತ್ತು. 'ಮಾ' ಇತ್ತು, 'ಯಕ್ಕ' ಇತ್ತು. ಆಸೆಯಿಂದ ಕಾಯುತ್ತಿದ್ದ ನಿನ್ನ ಮುಖ ನೋಡಿ ನಡುವಿನದನ್ನು ಊಹಿಸಿ ಹೇಳಿದೆ. ಇವತ್ತು ಹರ್ಷಿತಾಗೆ ನಿಜ ಹೇಳಿದೆ. ಅವಳು ವಹಿ ತೆರೆದು ತೋರಿಸಿದಳು. ಆ ಅಕ್ಷರದ ಸುತ್ತ, ಟೈಪ್ ಮುಗಿದ ಮೇಲೆ ಎಂದೋ ನೀನು ಹಾಕಿದ ಪೆನ್ಸಿಲಿನ ಗೆರೆ, ಪಕ್ಕದಲ್ಲಿ ಸಣ್ಣಗೆ: "ಅವ್ವನ ಊಹೆ. ಆಕೆಗೆ ಹೇಳಬಾರದು." ನಿನಗೆ ಗೊತ್ತಿತ್ತು! 'ಅಕ್ಕ' ಇರುವುದರಿಂದ ಕಟ್ಟಿಸಿದವಳು ಹೆಂಗಸೇ, ಊಹೆಯದೆಂದು ತೋರಿಸಲು ಆ ಒಂದಕ್ಷರಕ್ಕೆ ಕಂಸ ಹಾಕಿದರೆ ಸಾಕು ಎನ್ನುತ್ತಾಳೆ ಈ ಹುಡುಗಿ. ಒಪ್ಪಿಗೆ ಬೇಗ ಕಳಿಸು. ಆ ಕಂಸ ನಾನೇ ಹಾಕುತ್ತೇನೆ.