ಶೌಚಾಲಯದ ಬಾಗಿಲಿಗೊಂದು ಚಿಲಕ ಬೇಕಾಗಿದೆ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ತಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕೊಲೊನೋಸ್ಕೋಪಿ ವಿಭಾಗದ ಹಾಲಿನಲ್ಲಿರುವ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಚಿಲಕ ಇದ್ದ ಜಾಗದಲ್ಲಿ ಸ್ಕ್ರೂ ತೂತುಗಳು ಮಾತ್ರ ಉಳಿದಿವೆ. ಆ ತೂತುಗಳ ದೆಸೆಯಿಂದ ನನ್ನ ಬೀಗರ, ಅಂದರೆ ನನ್ನ ಮಗಳ ಮಾವನವರ, ಪ್ರಾಣಕ್ಕೆ ಸಂಚಕಾರ ಬಂದಿದೆ. ಇದೇನು ಅತಿಯಾಯಿತು ಎಂದು ತಮಗೆ ನಗು ಬಂದರೆ ಇನ್ನೂ ಸ್ವಲ್ಪ ಓದಿ, ಆಮೇಲೆ ನಗಿ.

ನಾನು ಅರ್ಜಿ ಬರೆಯುವವನು. ಸರ್ಕಾರಿ ಕಚೇರಿಯೊಂದರ ಕಾಂಪೌಂಡ್ ಗೋಡೆಗೆ ಆನಿಸಿದ ಮೇಜಿನ ಮುಂದೆ ಕೂತು ಅರ್ಧ ಆಯುಷ್ಯವನ್ನು ಬೇರೆಯವರ ಕಷ್ಟ ಬರೆಯುವುದರಲ್ಲೇ ಸವೆಸಿದ್ದೇನೆ. 'ತಮ್ಮ ಅಮೂಲ್ಯ ಸಮಯ', 'ದಯಾಪೂರ್ವಕ ಪರಿಶೀಲನೆ', 'ತಮ್ಮ ಕೃಪೆಯ ನಿರೀಕ್ಷೆಯಲ್ಲಿ' ಇತ್ಯಾದಿಗಳು ನಿದ್ದೆಗಣ್ಣಲ್ಲೂ ನನ್ನ ಕೈಯಿಂದ ಇಳಿಯುತ್ತವೆ. ಈ ಪತ್ರದಲ್ಲಿ ಅವು ಯಾವುವೂ ಕಾಣದಿದ್ದರೆ ಮುದುಕ ಮರೆತ ಎಂದು ತಿಳಿಯಬೇಡಿ. ಬೇಕೆಂದೇ ಬಿಟ್ಟಿದ್ದೇನೆ.

ಮೊದಲು ನನ್ನ ಭಯದ ವಿಷಯ. ಹೊಟ್ಟೆಯ ತಕರಾರು ಬಹಳ ದಿನದಿಂದ ಇತ್ತು. ತಮ್ಮ ವೈದ್ಯರು ನೋಡಿ, ಕೊಲೊನೋಸ್ಕೋಪಿ ಮಾಡಿಸಿಬಿಡಿ, ಅನುಮಾನ ಬೇಡ ಎಂದರು. ಹಿಂದಿನಿಂದ ಕೊಳವೆ ಹಾಕಿ ದೊಡ್ಡ ಕರುಳನ್ನು ಒಳಗಿಂದ ನೋಡುವ ಪರೀಕ್ಷೆ ಅದು ಎಂದು ಆಮೇಲೆ ತಿಳಿಯಿತು. ಆ ದಿನದಿಂದ ಹಗಲೆಲ್ಲ ಯಾರದೋ ಖಾತೆ ಬದಲಾವಣೆಯ ಅರ್ಜಿ ಬರೆಯುತ್ತ ಮನಸ್ಸಿನಲ್ಲಿ ನನ್ನ ಕರುಳಿಗೇ ಅರ್ಜಿ ಬರೆಯುತ್ತಿದ್ದೆ: 'ಮಾನ್ಯ ದೊಡ್ಡ ಕರುಳಿನವರಿಗೆ, ತಾವು ಇಷ್ಟು ಕಾಲ ಮಾಡಿದ ಸೇವೆಯನ್ನು ಪರಿಗಣಿಸಿ, ತಮ್ಮಲ್ಲಿ ಯಾವ ಗಂಟೂ ಇಲ್ಲವೆಂದು ದೃಢೀಕರಿಸಬೇಕಾಗಿ ವಿನಂತಿ.' ತಮಾಷೆಯಲ್ಲ, ನನಗೆ ಇದರಿಂದ ನಿಜವಾಗಿ ಸಮಾಧಾನ ಸಿಗುತ್ತಿತ್ತು. ಏನಾದರೂ ಕಂಡುಬಿಟ್ಟರೆ? ಕೊಳವೆ ಎಲ್ಲಾದರೂ ಚುಚ್ಚಿಬಿಟ್ಟರೆ? ಅದಕ್ಕಿಂತ ಮಿಗಿಲಾಗಿ, ಪರಿಚಯದವರು ಯಾರಾದರೂ ನೋಡಿಬಿಟ್ಟರೆ? ಹೆಂಡತಿ ಒಂದು ದಿನ ಬಾಯಿಬಿಟ್ಟು ಕೇಳಿದಳು.

"ಊರವರ ಕಷ್ಟನೆಲ್ಲ ಬರೀತೀರಿ. ನಿಮ್ದೊಂದು ಹೆದರಿಕೆ ನನ್ನ ಹತ್ರ ಹೇಳ್ಕೊಳ್ಳೋಕೆ ಬರಲ್ವಾ?"

ಹೇಳಿಕೊಂಡೆ. ಹೇಳಿದ ಮೇಲೆ ಅರ್ಧ ಹಗುರಾಯಿತು. ಉಳಿದರ್ಧವನ್ನು ಅವಳೇ ಸಂಭಾಳಿಸಿದಳು. ಪರೀಕ್ಷೆಯ ಹಿಂದಿನ ದಿನ ಅವಳೂ ನನ್ನ ಜೊತೆ ಬರೀ ನೀರು, ಸೋಸಿದ ಹಣ್ಣಿನ ರಸದಲ್ಲೇ ಕಳೆದಳು. ಕರುಳು ಖಾಲಿಯಾಗಲೆಂದು ಕೊಟ್ಟಿದ್ದ ಭೇದಿಯ ಪುಡಿ ಬೆರೆಸಿದ ನೀರನ್ನು ತಣ್ಣಗೆ ಮಾಡಿ ಕೊಟ್ಟಳು. ಅದರ ರುಚಿಯ ಬಗ್ಗೆ ಬರೆಯಲಾರೆ. ಉಪ್ಪು ನೀರಿನಲ್ಲಿ ಯಾರೋ ನಿಂಬೆ ಚಿತ್ರದ ಸೋಪು ತೊಳೆದಂತಿತ್ತು. ಆದರೂ ಮನೆಯ ಶೌಚಾಲಯ, ಮನೆಯ ಚಿಲಕ, ಹೊರಗೆ ಕೂತು ನಡುನಡುವೆ "ಇದ್ದೀರಾ?" ಎಂದು ಛೇಡಿಸುವ ಹೆಂಡತಿ. ಹೆದರಿಕೆ ಹೋಗಲಿಲ್ಲ, ಆದರೆ ಸಹಿಸುವಷ್ಟಕ್ಕೆ ಬಂತು.

ಇನ್ನು ತಮ್ಮ ಘನ ವ್ಯವಸ್ಥೆ. ಔಷಧದ ಎರಡನೇ ಭಾಗವನ್ನು ರೋಗಿ ಆಸ್ಪತ್ರೆಯ ಹಾಲಿನಲ್ಲೇ ಕೂತು ಕುಡಿಯಬೇಕೆಂದು ತಮ್ಮ ಆದೇಶ. ಮನೆಯಲ್ಲಿ ಕುಡಿದೆ ಎಂದು ಹಿಂದೆ ಯಾರೋ ಸುಳ್ಳು ಹೇಳಿದ್ದರಂತೆ. ಸರಿ, ಒಪ್ಪೋಣ. ಜೊತೆಗೆ ಬಂದವರು ಹಾಲಿನೊಳಗೆ ಬರಬಾರದು ಎಂದೂ ಆದೇಶ. ಅದನ್ನೂ ಒಪ್ಪೋಣ. ಆದರೆ ಹಾಲಿನ ತುಂಬ ಜನರಿಗೆ ಭೇದಿಯ ಔಷಧ ಕುಡಿಸಿ, ಇರುವ ಎರಡು ಶೌಚಾಲಯದಲ್ಲಿ ಒಂದಕ್ಕೆ ಬೀಗ ಜಡಿದು ಅದರಲ್ಲಿ ಮುರಿದ ಕುರ್ಚಿ ಪೇರಿಸಿಡುವ ಯೋಜನೆ ಯಾವ ಮಹಾನುಭಾವರ ತಲೆಯಿಂದ ಬಂತು? ತೆರೆದಿರುವ ಇನ್ನೊಂದರ ನೆಲ ಸದಾ ಒದ್ದೆ. ಆ ಒದ್ದೆ ಯಾವುದರದೆಂದು ಯೋಚಿಸದೆ ಕಾಲಿಡಬೇಕು. ಬಕೆಟ್ಟಿನ ಅಂಚಿಗೆ ಹಳದಿ ಪಾಚಿ, ಮಗ್ಗಿಗೆ ಹಿಡಿಯಿಲ್ಲ, ಕಮೋಡಿನ ಮುಚ್ಚಳ ಗೋಡೆಗೆ ಒರಗಿಸಿಟ್ಟಿದೆ. ಮೂಗು ಮುಚ್ಚಿಕೊಂಡರೆ ಬಾಯಲ್ಲಿ ರುಚಿಯಾಗುವ ನಾತ. ಬರೆಯುವಾಗಲೂ ನನಗೆ ವಾಕರಿಕೆ ಬರುತ್ತಿದೆ. ಓದುವಾಗ ತಮಗೂ ಬರಲಿ ಎಂದೇ ಬರೆಯುತ್ತಿದ್ದೇನೆ.

ಈ ಎಲ್ಲದಕ್ಕೆ ಕಳಶವಿಟ್ಟಂತೆ ಬಾಗಿಲಿಗೆ ಚಿಲಕವಿಲ್ಲ. ಕೈ ಬಿಟ್ಟರೆ ಬಾಗಿಲು ತಾನಾಗಿ ಹಾಲಿನ ಕಡೆಗೆ ತೆರೆದುಕೊಳ್ಳುತ್ತದೆ. ಒಳಗೆ ಕೂತವರ ಕೈಗೆ ಅದು ಎಟುಕುವುದಿಲ್ಲ. ಹೀಗಾಗಿ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗಿನಿಂದ ಬಾಗಿಲು ಒತ್ತಿ ಹಿಡಿದು ನಿಲ್ಲಬೇಕು. ನನ್ನ ಪಕ್ಕ ಕೂತಿದ್ದ ಲಾರಿ ಡ್ರೈವರ್ ಪುಣ್ಯಾತ್ಮ ನನಗೆ ಹಿಡಿದ, ನಾನು ಅವನಿಗೆ ಹಿಡಿದೆ. ಇಬ್ಬರ ಮೈಮೇಲೂ ತಮ್ಮ ಆಸ್ಪತ್ರೆಯ ನಿಲುವಂಗಿ. ಹಿಂದೆ ಪೂರ್ತಿ ತೆರೆದದ್ದು, ಕಟ್ಟಿಕೊಳ್ಳುವ ಲಾಡಿ ಒಂದಕ್ಕಿದ್ದರೆ ಇನ್ನೊಂದಕ್ಕಿಲ್ಲ. ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ನಮ್ಮ ಮಾನ.

ಇಂಥ ಭಂಗಿಯಲ್ಲಿ ನಿಂತಿದ್ದಾಗ ಎದುರಿನ ಕುರ್ಚಿಯಲ್ಲಿ, ಅಂಥದೇ ನಿಲುವಂಗಿಯಲ್ಲಿ, ಕೈಯಲ್ಲಿ ಔಷಧದ ಬಾಟಲಿ ಹಿಡಿದು ಕೂತ ನನ್ನ ಬೀಗರು ಕಂಡರು. ಅವರು ಅಗ್ನಿಶಾಮಕ ದಳದಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು. ಉರಿಯುವ ಕಟ್ಟಡಕ್ಕೆ ನುಗ್ಗಿ ಜನರನ್ನು ಹೊತ್ತು ತಂದವರು. ಮಗಳನ್ನು ಅವರ ಮನೆಗೆ ಕೊಟ್ಟ ದಿನದಿಂದ ನಾವಿಬ್ಬರೂ ಪರಸ್ಪರ 'ಬನ್ನಿ ಬೀಗರೇ, ಕೂತ್ಕೊಳ್ಳಿ ಬೀಗರೇ' ಬಿಟ್ಟು ಮುಂದಕ್ಕೆ ಹೋದವರಲ್ಲ. ಅವರ ಎದುರು ನಾನು ಕಾಲ ಮೇಲೆ ಕಾಲು ಹಾಕಿ ಕೂತದ್ದಿಲ್ಲ. ಈಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ಏನ್ ಬೀಗರೇ, ಈ ಕಡೆ?" ಎಂದರು.

"ಹೀಗೇ, ಕಣ್ಣು ತೋರಿಸೋಣ ಅಂತ," ಎಂದೆ.

ಅವರು ಗಂಭೀರವಾಗಿ ತಲೆಯಾಡಿಸಿ, ತಾವೂ ಅದಕ್ಕೇ ಬಂದದ್ದು ಎಂದರು. ಬಾಗಿಲ ಹಿಂದೆ ಲಾರಿ ಡ್ರೈವರ್ ಕಿಸಕ್ಕನೆ ನಕ್ಕದ್ದು ಹಾಲಿಗೆಲ್ಲ ಕೇಳಿಸಿತು.

ನಗುವಂಥ ಭಾಗ ಇಲ್ಲಿಗೆ ಮುಗಿಯಿತು, ಮಾನ್ಯರೇ. ಬೀಗರು ಒಬ್ಬರೇ ಬಂದಿದ್ದರು. ಮನೆಯಲ್ಲಿ ನಿವೃತ್ತರ ಸಂಘದ ಸಭೆ ಎಂದು ಹೇಳಿದ್ದರಂತೆ. ಅವರಿಗೆ ಎರಡು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿತ್ತು. ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಮೊದಲ ಸಲ ಡಾಕ್ಟರ ಹತ್ತಿರ ಬರಲಿಕ್ಕೇ ಅವರಿಗೆ ಅಷ್ಟು ದಿನ ಬೇಕಾಯಿತು. ಅಷ್ಟು ಧೈರ್ಯ ಒಟ್ಟುಗೂಡಿಸಿ ಬಂದ ಮನುಷ್ಯನನ್ನು ತಾವು ಚಿಲಕವಿಲ್ಲದ ಬಾಗಿಲ ಮುಂದೆ, ಸೊಸೆಯ ಅಪ್ಪನ ಎದುರು ಕೂರಿಸಿದಿರಿ. ಬೇರೆ ಯಾರೇ ಇದ್ದಿದ್ದರೂ ಹೇಗೋ ಆಗುತ್ತಿತ್ತು. 'ಬೀಗರೇ, ಸ್ವಲ್ಪ ಬಾಗಿಲು ಹಿಡ್ಕೊಳ್ಳಿ' ಎಂದು ಅವರ ಬಾಯಿಂದ ಹೇಗೆ ಬಂದೀತು? 'ನೀವು ಹೋಗಿ, ನಾನು ಹಿಡಿಯುತ್ತೇನೆ' ಎಂದು ನಾನಾದರೂ ಹೇಗೆ ಹೇಳಲಿ? ಹೇಳಿದ್ದರೆ ಅವರು ಅಲ್ಲೇ ಭೂಮಿಗಿಳಿದು ಹೋಗುತ್ತಿದ್ದರು.

ಅಷ್ಟರಲ್ಲಿ ತಮ್ಮ ಸಿಬ್ಬಂದಿಯ ಒಬ್ಬ ಹಾಲಿನ ನಡುವೆ ನಿಂತು, ತರಕಾರಿ ಕೂಗುವವನ ಗಂಟಲಲ್ಲಿ, ಒಬ್ಬೊಬ್ಬರನ್ನೇ ಬೆರಳು ಮಾಡಿ ವಿಚಾರಿಸಲು ಶುರು ಮಾಡಿದ. ಎಷ್ಟು ಸಲ ಹೋಯಿತು, ಗಟ್ಟಿಯೋ ತೆಳುವೋ, ಬಣ್ಣ ಯಾವುದು. ಲಾರಿ ಡ್ರೈವರ್ ಬಣ್ಣ ಹೇಳಿದ. ನಾನು ನೆಲ ನೋಡುತ್ತ ಬಣ್ಣ ಹೇಳಿದೆ. ಬೀಗರ ಸರದಿ ಬಂತು. ಅವರು ಬೆನ್ನು ನೆಟ್ಟಗೆ ಮಾಡಿ, ಕವಾಯತಿನಲ್ಲಿ ವರದಿ ಕೊಡುವ ದನಿಯಲ್ಲಿ ಅಂದರು:

"ಎಲ್ಲ ಕುಡಿದಾಯ್ತು. ನೀರೇ ಹೋಗ್ತಾ ಇದೆ."

ಅವರು ಕುರ್ಚಿ ಬಿಟ್ಟು ಎದ್ದದ್ದು ಒಂದೇ ಸಲ, ಅದೂ ಕೈ ತೊಳೆಯುವ ಸಿಂಕಿನವರೆಗೆ. ಬಾಟಲಿಯಲ್ಲಿದ್ದುದು ಅಲ್ಲಿಗೆ ಹೋಗಿತ್ತು. ಇದನ್ನು ಅವರೇ ಆಮೇಲೆ ನನಗೆ ಹೇಳಿದರು.

ನನ್ನ ಪರೀಕ್ಷೆ ಹೇಗಾಯಿತೆಂದು ಕೇಳುತ್ತೀರಾ? ಏನೂ ಆಗಲಿಲ್ಲ. ಕೈಗೆ ಒಂದು ಸೂಜಿ ಚುಚ್ಚಿದರು, ನರ್ಸಮ್ಮ ಹೆಂಡತಿ ಹೇಗಿದ್ದಾರೆಂದು ಮಾತಾಡಿಸಿದರು, ಉತ್ತರ ಮುಗಿಯುವ ಮೊದಲೇ ನಿದ್ದೆ. ಎದ್ದಾಗ ಎಲ್ಲ ಮುಗಿದಿತ್ತು. ಒಂದು ಸಣ್ಣ ಗಂಟು ಸಿಕ್ಕಿತಂತೆ, ಅಲ್ಲೇ ತೆಗೆದರಂತೆ, ಆಮೇಲೆ ಅದರ ವರದಿಯೂ ಚೆನ್ನಾಗಿಯೇ ಬಂತು. ಇಷ್ಟಕ್ಕಾ ವಾರಗಟ್ಟಲೆ ಪ್ರಾಣ ಕೈಯಲ್ಲಿ ಹಿಡಿದುಕೊಂಡಿದ್ದೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ: ಕೊಳವೆಗೆ ಹೆದರಬೇಡಿ, ಅದರ ಸುದ್ದಿಯೇ ನಿಮಗೆ ಗೊತ್ತಾಗುವುದಿಲ್ಲ. ವೈದ್ಯರ ಕೈಗುಣದ ಬಗ್ಗೆ ನನ್ನದೊಂದು ದೂರೂ ಇಲ್ಲ.

ಮಂಪರು ಇಳಿಯುತ್ತಿದ್ದಾಗ ಪಕ್ಕದ ಮಂಚದಲ್ಲಿ ಬೀಗರಿದ್ದರು. ಅವರ ತಲೆಯ ಹತ್ತಿರ ನಿಂತ ಕಿರಿಯ ವೈದ್ಯರು ಹಾಲಿಗೆಲ್ಲ ಕೇಳುವಂತೆ ಗದರುತ್ತಿದ್ದರು.

"ಒಳಗೆ ಕ್ಲೀನೇ ಆಗಿಲ್ಲ, ಏನೂ ಕಾಣ್ಲಿಲ್ಲ. ಈ ವಯಸ್ಸಲ್ಲಿ ಯಾಕೆ ಸುಳ್ಳು ಹೇಳ್ತೀರಿ? ಮತ್ತೆ ಬರಬೇಕು ನೀವು."

ಬೀಗರು ಸೂರು ನೋಡುತ್ತ ಮಲಗಿದ್ದರು. ಅವರ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಹತ್ತಿರ ಹೋಗುತ್ತಿತ್ತು. ನಾನು ನಿದ್ದೆ ಬಂದವನಂತೆ ಆ ಕಡೆ ಮಗ್ಗುಲಾದೆ. ಇಷ್ಟು ವರ್ಷ ತಲೆಯೆತ್ತಿ ಬದುಕಿದ ಮನುಷ್ಯನನ್ನು ಹೀಗೆ ಮಾಡಿಬಿಟ್ಟರಲ್ಲ ಎಂದು ನನಗೆ ಹೇಸಿಗೆಯಾಯಿತು. ಆ ಬಕೆಟ್ಟು, ಆ ನೆಲ ಕಂಡಾಗಲೂ ಅಷ್ಟು ಹೇಸಿಗೆಯಾಗಿರಲಿಲ್ಲ.

ಮುಂದಿನ ವಾರ ಆಸ್ಪತ್ರೆಯಿಂದ ಹೊಸ ದಿನಾಂಕ ತಿಳಿಸಲು ಅವರ ಮನೆಗೆ ಫೋನು ಬಂತು. ಎತ್ತಿದ್ದು ನನ್ನ ಮಗಳು. ರಕ್ತದ ವಿಷಯವೂ ಆಗಲೇ ಹೊರಬಿತ್ತು. ಮಾವ ಜಪ್ಪಯ್ಯ ಅಂದರೂ ಹೋಗುವುದಿಲ್ಲ ಅನ್ನುತ್ತಿದ್ದಾರೆ, ಅಪ್ಪಾ, ಏನು ಮಾಡಲಿ ಎಂದು ಅವಳು ಅತ್ತಳು. ನಾನು ನೇರವಾಗಿ ತಮ್ಮ ಕೊಠಡಿಗೆ ಬಂದೆ. ತಾವು ಇರಲಿಲ್ಲ. ತಮ್ಮ ಆಪ್ತ ಸಹಾಯಕರು ಸಮಾಧಾನದಿಂದ ವಿವರಿಸಿದರು: ಹಿಂದೊಮ್ಮೆ ರೋಗಿಯೊಬ್ಬರು ಒಳಗೆ ಚಿಲಕ ಹಾಕಿಕೊಂಡು ತಲೆ ಸುತ್ತಿ ಬಿದ್ದರು, ಬಾಗಿಲು ಒಡೆಯಬೇಕಾಯಿತು, ಆದ್ದರಿಂದ ರೋಗಿಗಳ ಸುರಕ್ಷತೆಗಾಗಿ ಚಿಲಕವನ್ನು ತೆಗೆಸುವಂತೆ ತಾವೇ ಆದೇಶಿಸಿದಿರಿ. ಕಾರಣ ನ್ಯಾಯವಾದದ್ದೇ ಅನ್ನಿಸಿತು.

ಕಾದು ಕಾದು ನನಗೆ ಅವಸರವಾಯಿತು. ಸಹಾಯಕರು ವಯಸ್ಸಿಗೆ ಮರ್ಯಾದೆ ಕೊಟ್ಟು ಅಧೀಕ್ಷಕರಾದ ತಮ್ಮ ಖಾಸಗಿ ಶೌಚಾಲಯಕ್ಕೇ ಕಳಿಸಿದರು. ಒಣಗಿದ ನೆಲ, ಪರಿಮಳ, ಮಡಿಸಿಟ್ಟ ಟವೆಲು. ಬಾಗಿಲಿಗೆ ಚಿಲಕ. ಹಾಕಿದರೆ ಹೊರಗೆ ಕೆಂಪು, ತೆಗೆದರೆ ಹಸಿರು. ಹೊರಬದಿಯಲ್ಲಿ ಒಂದು ಸೀಳು. ಹೊರಬಂದು ಜೇಬಿನ ನಾಣ್ಯವನ್ನು ಆ ಸೀಳಿಗಿಟ್ಟು ತಿರುಗಿಸಿ ನೋಡಿದೆ. ಕೆಂಪಾಯಿತು. ಹಿಂದಕ್ಕೆ ತಿರುಗಿಸಿದೆ, ಹಸಿರಾಯಿತು. ಒಳಗಿನವರು ಬಿದ್ದರೆ ಬಾಗಿಲು ಒಡೆಯುವ ಪ್ರಮೇಯವೇ ಇಲ್ಲದ ಚಿಲಕ ಈ ಭೂಮಿಯ ಮೇಲೆ ಇದೆ, ಮಾನ್ಯರೇ. ಎರಡು ಮಹಡಿ ಅಂತರದಲ್ಲಿದೆ. ತಾವು ದಿನಾ ಅದನ್ನು ಕೈಯಲ್ಲಿ ಮುಟ್ಟುತ್ತೀರಿ. ಹಾಗಾದರೆ ತಲೆ ಸುತ್ತಿ ಬಿದ್ದರೂ ಮಾನದಿಂದ ಬೀಳುವ ಯೋಗ್ಯತೆ ಇರುವುದು ತಮಗೊಬ್ಬರಿಗೇ ಏನು? ಆದೇಶಕ್ಕೆ ಸಹಿ ಹಾಕುವಾಗ ತಮ್ಮದೇ ಬಾಗಿಲು ನೆನಪಾಗಲಿಲ್ಲವೇ? ಛೀ ಎಂಬ ಒಂದೇ ಅಕ್ಷರದಲ್ಲಿ ಈ ಅರ್ಜಿ ಮುಗಿಸಬಹುದಿತ್ತು. ವೃತ್ತಿಯ ಚಟ, ಉದ್ದವಾಯಿತು.

ಅಲ್ಲಿಂದ ಬೀಗರ ಮನೆಗೆ ಹೋದೆ. ಮಗಳು ನೀರು ಕೊಟ್ಟು ಒಳಗೆ ಹೋದಳು. ನಾನೇ ಮೊದಲು, ಕಣ್ಣಿನ ಪರೀಕ್ಷೆ ನನ್ನದೂ ಸುಳ್ಳು ಬೀಗರೇ, ಹೆದರಿ ಸಾಯುತ್ತಿದ್ದೆ ಎಂದೆ. ಅವರು ಮೀಸೆಯೊಳಗೇ ನಕ್ಕರು. ಬೆಂಕಿಗೆ ಹೋಗುವಾಗ ಮೈಮೇಲೆ ಕೋಟಿರುತ್ತದೆ, ಹೆಲ್ಮೆಟ್ಟಿರುತ್ತದೆ, ಹಿಂದೆ ನಮ್ಮವರಿರುತ್ತಾರೆ, ಆ ಆಸ್ಪತ್ರೆಯಲ್ಲಿ ಏನಿತ್ತು ಹೇಳಿ ಎಂದರು. ಸಿಂಕಿನ ವಿಷಯ ಹೇಳಿದರು. ರಕ್ತ ನಿಂತಿಲ್ಲ ಎಂದರು. ಹೊಸ ದಿನಾಂಕದಂದು ನಾನೂ ಜೊತೆಗೆ ಬರುತ್ತೇನೆ, ಒಳಗೆ ಬಿಡದಿದ್ದರೆ ಜಗಳವಾಡಿಯಾದರೂ ಬರುತ್ತೇನೆ ಎಂದೆ. ಅವರು ಕಿಟಕಿಯ ಕಡೆ ತಿರುಗಿ ಅಂದರು:

"ಬಾಗಿಲು ಹಿಡ್ಕೊಳ್ಳಿ ಬೀಗರೇ. ಆದ್ರೆ ಮುಖ ಆ ಕಡೆ ಮಾಡ್ಕೊಂಡು ನಿಂತ್ಕೊಳ್ಳಿ."

ಈ ಪತ್ರವನ್ನು ಅವರಿಗೆ ಓದಿ ಹೇಳಿದ್ದೇನೆ. ಹೆಸರು ಹಾಕಬೇಡಿ, ಮಿಕ್ಕಿದ್ದೆಲ್ಲ ಹಾಕಿ ಎಂದರು.

ಈಗ ಬೇಡಿಕೆ. ಕೊಲೊನೋಸ್ಕೋಪಿ ಹಾಲಿನ ಶೌಚಾಲಯಕ್ಕೆ, ತಮ್ಮ ಬಾಗಿಲಿಗಿರುವಂಥದೇ ಚಿಲಕ ಹಾಕಿಸಿ. ಮುರಿದ ಕುರ್ಚಿಗಳನ್ನು ಬೇರೆಲ್ಲಾದರೂ ಇಟ್ಟು ಎರಡನೆಯದನ್ನೂ ತೆರೆಸಿ. ಬಣ್ಣ ಕೇಳುವವನಿಗೆ ರೋಗಿಯ ಹತ್ತಿರ ಬಂದು ಮೆತ್ತಗೆ ಕೇಳಲು ಹೇಳಿ. ಮುಂದಿನ ಮಂಗಳವಾರ ಬೀಗರ ಸರದಿ. ಅಷ್ಟರೊಳಗೆ ಆದರೆ ಸಂತೋಷ. ಆಗದಿದ್ದರೂ ನಾವು ಬರುತ್ತೇವೆ, ತಮ್ಮ ಚಿಲಕಕ್ಕಾಗಿ ಅವರ ಕರುಳು ಕಾಯುವುದಿಲ್ಲ. ಆ ದಿನ ತಾವು ಎರಡನೇ ಮಹಡಿಗೆ ಬಂದರೆ, ಶೌಚಾಲಯದ ಬಾಗಿಲಿಗೆ ಬೆನ್ನು ಕೊಟ್ಟು, ಮುಖ ಆ ಕಡೆ ಮಾಡಿ ನಿಂತ ಮುದುಕನೊಬ್ಬ ಕಾಣುತ್ತಾನೆ. ಯಾರು ನೀನು ಎಂದು ಕೇಳಬೇಡಿ, ಪಕ್ಕಕ್ಕೆ ಸರಿ ಅನ್ನಲೂ ಬೇಡಿ. ಒಳಗಿನವರು ತಾವಾಗಿ ಕರೆಯುವವರೆಗೆ ಅವನು ಕದಲುವುದಿಲ್ಲ.

ಇಂತಿ,
ತಮ್ಮ ಆಸ್ಪತ್ರೆಯ ಹಂಗಾಮಿ ಚಿಲಕ