ಸೀಮೆಸುಣ್ಣದ ಮನೆಗಳು

ಶನಿವಾರ, ಜೂನ್ ೧೪

ನನ್ನ ಹೊಲಿಗೆ ಅಂಗಡಿಯ ಪಕ್ಕದ ಪುಟ್ಟ ಮನೆ ಕೊಳ್ಳುವುದೋ, ಎರಡು ಬಸ್ಸು ಹಿಡಿಯಬೇಕಾದ ದೊಡ್ಡ ಮನೆಯೋ? ತಿಂಗಳಿಂದ ಇದೇ ತಲೆನೋವು. ಇವತ್ತು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದು, ಎರಡೂ ಮನೆಗಳ ನಡುಮನೆಯನ್ನು ತಾರಸಿಯ ಮೇಲೆ ಅಳತೆ ತಪ್ಪದಂತೆ ಬರೆದೇಬಿಟ್ಟೆ. ದೂರವೂ ಲೆಕ್ಕಕ್ಕೆ ಬರಲೆಂದು ದೊಡ್ಡದನ್ನು ನೀರಿನ ಟ್ಯಾಂಕಿನ ಆಚೆ ಬರೆದೆ.

“ಕಾಲು ಚಾಚೋಕಾದ್ರೂ ಜಾಗ ಬೇಡ್ವಾ?” ಎಂದು ಅತ್ತೆ ದೊಡ್ಡದರಲ್ಲಿ ಕುರ್ಚಿ ಹಾಕಿಸಿಕೊಂಡು ಮಹಾರಾಣಿಯಂತೆ ಕುಳಿತರು. ನಾವು ನಾಲ್ವರು ಪುಟ್ಟದರಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಹರಟೆಗೆ ಇಳಿದೆವು. ನಮ್ಮನೆಯವರು ಏನೋ ಹೇಳಿದರು, ಮಕ್ಕಳು ಬಿದ್ದು ಬಿದ್ದು ನಕ್ಕರು.

“ಏನಂದ ಅವ್ನು? ಇನ್ನೊಂದ್ಸಲ ಹೇಳ್ರೋ!” ಅತ್ತೆ ಅಲ್ಲಿಂದಲೇ ಕೂಗಿದರು. ನಗು ನಿಂತರೆ ತಾನೇ ಹೇಳುವುದು?

ಕೊನೆಗೆ ಕುರ್ಚಿಯನ್ನು ದರದರ ಎಳೆದುಕೊಂಡು ಬಂದರು. “ಸರ್ಕೊಳ್ರೋ, ಎಷ್ಟೊಂದು ಜಾಗ ಇದೆ!”